ಒಂದೇ ರಾಡಿನಲ್ಲಿ ಎಲ್ಲ ಲ್ಯೂರ್ (ಕೃತಕ ಎರೆ) ಎಸೆಯಬಹುದೇ?

ಪ್ರಶ್ನೆ: ಅಮೆರಿಕದ ಮಿನ್ನೆಸೋಟದ ಕೆರೆಗಳಲ್ಲಿ ಮಸ್ಕಿ ಎಂಬ ದೊಡ್ಡ ಬೇಟೆಗಾರ ಮೀನಿಗೆ ಗಾಳ ಹಾಕುತ್ತೇನೆ. ನನ್ನಲ್ಲಿರುವುದು ಏಳೂವರೆ ಅಡಿಯ ಹೆವಿ (ಗಡುಸು) ರಾಡ್, 7:1 ಗೇರಿನ ರೀಲ್ (ಹಿಡಿಯ ಒಂದು ಸುತ್ತಿಗೆ ದಾರದ ಸ್ಪೂಲ್ ಏಳು ಸುತ್ತು). ದೊಡ್ಡ ಬಕ್‌ಟೇಲ್ (ಕೂದಲ ಕುಚ್ಚು, ತಿರುಗುವ ಲೋಹದ ಬ್ಲೇಡುಗಳಿರುವ ಲ್ಯೂರ್) ಎಳೆದರೆ ಮಧ್ಯಾಹ್ನದೊಳಗೆ ಮಣಿಕಟ್ಟು ಸೋತುಹೋಗುತ್ತದೆ. ಏನು ಬದಲಿಸಲಿ?

ಉತ್ತರ: ಮೊದಲು ರೀಲ್. ದೊಡ್ಡ ಬಕ್‌ಟೇಲಿನ 10ನೇ ನಂಬರಿನ ಜೋಡಿ ಬ್ಲೇಡುಗಳು ನೀರನ್ನು ಬಲವಾಗಿ ತಡೆಯುತ್ತವೆ. ವೇಗದ ಗೇರಿನಲ್ಲಿ ಆ ಭಾರವೆಲ್ಲ ನಿಮ್ಮ ಕೈಗೇ ಬೀಳುತ್ತದೆ. 5:1ರ ಆಸುಪಾಸಿನ, ಉದ್ದ ಹಿಡಿಯ 400 ಸೈಜಿನ ರೀಲ್ ತೆಗೆದುಕೊಳ್ಳಿ. ಜೊತೆಗೆ ಎಂಟೂವರೆಯಿಂದ ಒಂಬತ್ತು ಅಡಿಯ ರಾಡ್ ಇದ್ದರೆ ದೂರ ಎಸೆಯಬಹುದು, ದೋಣಿಯ ಪಕ್ಕ ಲ್ಯೂರನ್ನು ಎಂಟರ ಆಕಾರದಲ್ಲಿ ಅಗಲವಾಗಿ ತಿರುಗಿಸಲೂಬಹುದು.

ಹಳೆಯ ರಾಡ್-ರೀಲ್ ಜೋಡಿಯನ್ನು ಮಾರಬೇಡಿ. ಜರ್ಕ್‌ಬೇಟಿಗೆ (ಜಗ್ಗಿ ಜಗ್ಗಿ ಎಳೆಯುವ ಲ್ಯೂರಿಗೆ) ಅದೇ ಸರಿ. ರಾಡನ್ನು ಕೆಳಮುಖವಾಗಿ ಜಗ್ಗುವಾಗ ಉದ್ದದ ತುದಿ ನೀರಿಗೆ ಬಡಿಯುತ್ತದೆ, ಗಿಡ್ಡದ್ದು ಬಡಿಯುವುದಿಲ್ಲ. ಪ್ರತಿ ಜಗ್ಗಿನ ನಂತರದ ಸಡಿಲ ದಾರವನ್ನು ವೇಗದ ಗೇರ್ ತಕ್ಷಣ ಸುತ್ತಿಕೊಳ್ಳುತ್ತದೆ. ಇಲ್ಲಿ ಲೀಡರ್ (ದಾರಕ್ಕೂ ಲ್ಯೂರಿಗೂ ನಡುವಿನ ತುಂಡು) ಗಟ್ಟಿ ಒಂಟಿ ತಂತಿಯದ್ದಿರಲಿ. ಮೆತ್ತನೆಯದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ.

ದೊಡ್ಡ ರಬ್ಬರ್ ಲ್ಯೂರುಗಳದ್ದೇ ಬೇರೆ ಲೆಕ್ಕ. ಕೆಲವು 450 ಗ್ರಾಂ ತೂಗುತ್ತವೆ. ರಾಡಿನ ಹಿಡಿಯ ಮೇಲ್ಭಾಗದಲ್ಲಿ ಮುದ್ರಿಸಿರುವ ಔನ್ಸ್ ಮಿತಿ ನೋಡಿ (1 ಔನ್ಸ್ ಅಂದರೆ ಸುಮಾರು 28 ಗ್ರಾಂ). ಮಿತಿ ಮೀರಿ ಬೀಸಿದರೆ ರಾಡ್ ಎಸೆತದಲ್ಲೇ ಮುರಿದೀತು. ಇದಕ್ಕೆ ಡಬಲ್ ಎಕ್ಸ್ ಹೆವಿ (ಅತಿ ಗಡುಸು) ರಾಡೇ ಬೇಕು, ಎಸೆತವೂ ಜಾಡಿಸಿದಂತಲ್ಲ, ತೂಗಿ ಬಿಟ್ಟಂತಿರಬೇಕು.

ಹೆಣೆದ ದಾರದ ತಾಳುವ ಬಲ 80 ಪೌಂಡಿಗಿಂತ ಕಡಿಮೆ ಬೇಡ. ಎಸೆತದ ನಡುವೆ ಸ್ಪೂಲಿನಲ್ಲಿ ಗೋಜಲಾದರೆ ತೆಳು ದಾರ ಪಟ್ಟನೆ ಕಡಿದು ಲ್ಯೂರ್ ಮಾತ್ರ ಹಾರಿಹೋಗುತ್ತದೆ. ಸ್ಪೂಲಿಗೆ ಮೊದಲು ಹತ್ತಾರು ಸುತ್ತು ನೈಲಾನ್ ದಾರ ಸುತ್ತಿ. ಇಲ್ಲದಿದ್ದರೆ ಹೆಣೆದ ದಾರವೆಲ್ಲ ಒಟ್ಟಾಗಿ ಜಾರುತ್ತದೆ, ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆದು ಬಿಡುವ ರೀಲಿನ ಬ್ರೇಕ್) ಕೆಟ್ಟಿದೆ ಎಂದುಕೊಳ್ಳುತ್ತೀರಿ.