ಉಪ್ಪುನೀರಿನ ಮೊದಲ ತೊಟ್ಟಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲಿ ಕಡಲ ಮೀನು ಸಾಕುವ ಬಗ್ಗೆ ಬಂದಿರುವ ಪತ್ರಗಳಲ್ಲಿ ಐದನ್ನು ಈ ಬಾರಿ ಆರಿಸಿಕೊಳ್ಳಲಾಗಿದೆ. ಉಳಿದ ಪತ್ರಗಳಲ್ಲಿ ಕೇಳಿರುವ ಹಲವು ಸಂಗತಿಗಳಿಗೂ ಈ ಉತ್ತರಗಳಲ್ಲೇ ವಿವರಣೆ ಸಿಗುತ್ತದೆ.

ಪ್ರಶ್ನೆ: ಕೆಲವು ವರ್ಷಗಳಿಂದ ಮನೆಯಲ್ಲಿ ಗಪ್ಪಿ ಮತ್ತು ಗೋಲ್ಡ್‌ಫಿಶ್ ಸಾಕುತ್ತಿದ್ದೇವೆ. ಈಗ ಮಗಳು ಕ್ಲೌನ್ ಮೀನು ಬೇಕೆನ್ನುತ್ತಿದ್ದಾಳೆ. ಒಂದೂವರೆ ಅಡಿಯ ತೊಟ್ಟಿ ಸಾಕು, ಎಲ್ಲ ಸಾಮಾನನ್ನೂ ಒಟ್ಟಿಗೆ ಕೊಡುತ್ತೇವೆ ಎಂದು ಅಂಗಡಿಯವರು ಹೇಳುತ್ತಾರೆ. ನಿಜವಾಗಿ ಏನೇನು ಬೇಕಾಗುತ್ತದೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಒಂದೂವರೆ ಅಡಿ ಉದ್ದ, ಒಂದಡಿ ಅಗಲ ಮತ್ತು ಎತ್ತರದ ತೊಟ್ಟಿಯಲ್ಲಿ ಹೆಚ್ಚೆಂದರೆ ನಲವತ್ತು ಲೀಟರ್ ನೀರು ನಿಲ್ಲುತ್ತದೆ. ಅಷ್ಟು ನೀರಿನಲ್ಲಿ ಕಡಲ ಮೀನು ಸಾಕುವುದು ಅಸಾಧ್ಯವಲ್ಲ, ಆದರೆ ಅದು ಅನುಭವಿಗಳ ಕೆಲಸ. ನೀರು ಕಡಿಮೆಯಾದಷ್ಟೂ ಅದರ ಉಪ್ಪಿನಂಶ, ಉಷ್ಣತೆ ಮತ್ತು ಶುದ್ಧತೆ ಬೇಗ ಏರುಪೇರಾಗುತ್ತವೆ. ಹವಳದ ದಿಬ್ಬಗಳ ನಡುವೆ ಬಾಳುವ ಮೀನುಗಳಿಗೆ ಒಗ್ಗದಿರುವುದು ಈ ಏರುಪೇರೇ. ಆದ್ದರಿಂದ ಮೊದಲ ತೊಟ್ಟಿ ನೂರು ಲೀಟರಿಗಿಂತ ಚಿಕ್ಕದಾಗಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಸುಮಾರು 120 ಲೀಟರ್ ಹಿಡಿಯುತ್ತದೆ, ಮನೆಯಲ್ಲಿ ಹೆಚ್ಚು ಜಾಗವನ್ನೂ ಕೇಳುವುದಿಲ್ಲ. ನೀರು, ಮರಳು, ಕಲ್ಲು, ಗಾಜು ಎಲ್ಲ ಸೇರಿ ಅದರ ತೂಕ 160 ಕಿಲೋ ದಾಟುವುದರಿಂದ ಟೀವಿ ಸ್ಟ್ಯಾಂಡಿನ ಮೇಲೆ ಅದನ್ನು ಇಡಲೇಬಾರದು. ಗಟ್ಟಿಯಾದ ಕಬ್ಬಿಣದ ಅಥವಾ ಪ್ಲೈವುಡ್ ಸ್ಟ್ಯಾಂಡನ್ನು ಬಿಸಿಲು ಬೀಳದ ಗೋಡೆಯ ಪಕ್ಕದಲ್ಲಿ, ಮಟ್ಟ ನೋಡಿ ನಿಲ್ಲಿಸಬೇಕು.

ಸಲಕರಣೆಗಳ ಪೈಕಿ ನೀರನ್ನು ಓಡಾಡಿಸುವ ವೇವ್‌ಮೇಕರ್‌ಗೆ ಮೊದಲ ಸ್ಥಾನ. ತೊಟ್ಟಿಯ ನೀರಿನ ಹತ್ತರಿಂದ ಇಪ್ಪತ್ತು ಪಟ್ಟು ನೀರನ್ನು ಅದು ಗಂಟೆಗೆ ತಳ್ಳುವಂತಿರಬೇಕು. ಸಿಹಿನೀರಿನ ಮೀನು ಸಾಕಿದವರಿಗೆ ಇದು ಅತಿಯೆನಿಸಬಹುದು, ಆದರೆ ಉಪ್ಪುನೀರಿನಲ್ಲಿ ಆಮ್ಲಜನಕ ಕರಗುವ ಪ್ರಮಾಣ ಸಿಹಿನೀರಿಗಿಂತ ಕಡಿಮೆಯಾದ್ದರಿಂದ ನೀರಿನ ಮೇಲ್ಮೈ ಸದಾ ಕಲಕುತ್ತಿರಬೇಕಾಗುತ್ತದೆ. ನೂರು ವಾಟ್‌ನ ಹೀಟರ್ ನೀರನ್ನು 25ರಿಂದ 26 ಡಿಗ್ರಿಯಲ್ಲಿ ಹಿಡಿದಿಡುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಿಮ್ಮ ಊರಿನಲ್ಲಿ ಅದು ಬೇಕಾಗುತ್ತದೆ. ಬೇಸಿಗೆಯಲ್ಲಿ ನೀರಿನ ಮೇಲೆ ಗಾಳಿ ಬೀಸುವ ಸಣ್ಣ ಫ್ಯಾನ್ ಒಂದೆರಡು ಡಿಗ್ರಿ ಇಳಿಸುತ್ತದೆ, ಅದು ಸಾಲದ ಮನೆಗಳಲ್ಲಿ ನೀರನ್ನು ತಂಪಾಗಿಸುವ ಯಂತ್ರ (ಚಿಲ್ಲರ್) ಅನಿವಾರ್ಯ. ಹವಳ ಸಾಕದ ತೊಟ್ಟಿಗೆ ಸಾಧಾರಣ ಎಲ್ಇಡಿ ದೀಪ ಸಾಕು. ನೀರಿನ ಕಲ್ಮಶವನ್ನು ನೊರೆಯಾಗಿ ಹೊರತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಇದ್ದರೆ ಒಳ್ಳೆಯದು. ಮೀನು ಎರಡು ಮೂರೇ ಇದ್ದು ವಾರಕ್ಕೊಮ್ಮೆ ನೀರು ಬದಲಿಸುವ ಶಿಸ್ತಿದ್ದರೆ ಅದಿಲ್ಲದೆಯೂ ನಡೆಯುತ್ತದೆ. ಅದರ ಬದಲು ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೊಮೀಟರ್‌ಗೆ ಮತ್ತು ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಅಳೆಯುವ ಒಳ್ಳೆಯ ಟೆಸ್ಟ್ ಕಿಟ್‌ಗೆ ಹಣ ಹಾಕಿ. ಮುಳ್ಳು ತೇಲುವ ಅಗ್ಗದ ಹೈಡ್ರೊಮೀಟರಿನಲ್ಲಿ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿಕೊಂಡರೂ ಅಳತೆ ತಪ್ಪುತ್ತದೆ.

ಪ್ರಶ್ನೆ: ನಮ್ಮ ಮನೆಯಿಂದ ಕಡಲು ಎರಡು ಕಿಲೋಮೀಟರ್ ಕೂಡ ಇಲ್ಲ. ಉಪ್ಪಿನ ಪುಡಿಗೆ ದುಡ್ಡು ಕೊಡುವ ಬದಲು ಕಡಲ ನೀರು, ಮರಳು, ಕಲ್ಲುಗಳನ್ನೇ ತಂದು ಬಳಸಬಾರದೇ?
— ಓದುಗರು, ಸುರತ್ಕಲ್

ಉತ್ತರ: ನೀರಿನ ಮಾತು ಬೇರೆ, ಕಲ್ಲಿನ ಮಾತು ಬೇರೆ. ದಡದ ನೀರಿನಲ್ಲಿ ಊರಿನ ಕೊಳಚೆಯೂ ದೋಣಿಗಳ ಡೀಸೆಲ್ಲೂ ಬೆರೆತಿರುತ್ತವೆ. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿಯಂಥ ನದಿಗಳ ಕೆನ್ನೀರು ಕಡಲಿಗೆ ಸೇರಿ ದಡದ ಬಳಿಯ ಉಪ್ಪಿನಂಶವನ್ನು ಬಹಳ ಇಳಿಸುತ್ತದೆ. ಮೀನುಗಾರಿಕೆಯ ದೋಣಿಯವರು ದೂರದ ತಿಳಿನೀರನ್ನು ತಂದುಕೊಟ್ಟರೆ ಅಳೆದು ನೋಡಿ ಬಳಸಬಹುದು, ಆದರೆ ವರ್ಷವಿಡೀ ಒಂದೇ ಗುಣದ ನೀರು ಸಿಗುವ ಭರವಸೆ ಅಲ್ಲಿಲ್ಲ. ಚೀಲದಲ್ಲಿ ಸಿಗುವ ಸಂಶ್ಲೇಷಿತ ಕಡಲ ಉಪ್ಪಿನಲ್ಲಿ ಆ ಭರವಸೆ ಇದೆ. ಲೀಟರಿಗೆ ಸುಮಾರು 36ರಿಂದ 40 ಗ್ರಾಂ ಬೇಕಾಗುತ್ತದೆ. ನೀರಿಗೆ ಉಪ್ಪನ್ನು ಹಾಕಿ ಬಕೆಟ್‌ನಲ್ಲಿ ಪಂಪ್ ಇಟ್ಟು ರಾತ್ರಿಯಿಡೀ ಕಲಕಿ, ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ) 1.025ರಿಂದ 1.026ಕ್ಕೆ ಬಂದಿದೆಯೇ ಎಂದು ಬೆಳಿಗ್ಗೆ ನೋಡಿಕೊಳ್ಳಬೇಕು. ಅಡುಗೆ ಉಪ್ಪು ಖಂಡಿತ ಆಗದು. ಅದು ಬರೀ ಸೋಡಿಯಂ ಕ್ಲೋರೈಡ್. ಕಡಲ ನೀರಿನ ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಅದರಲ್ಲಿ ಇರುವುದಿಲ್ಲ.

ಉಪ್ಪು ಬೆರೆಸುವ ನೀರೂ ಮುಖ್ಯ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಮತ್ತು ಇತರ ಲವಣಗಳು ಇರುತ್ತವೆ. ಮನೆಯ ಕುಡಿಯುವ ನೀರಿನ ಆರ್‌ಓ ಯಂತ್ರದಲ್ಲಿ ರುಚಿಗಾಗಿ ಖನಿಜಗಳನ್ನು ಮರಳಿ ಬೆರೆಸುವ ವ್ಯವಸ್ಥೆ ಇದ್ದರೆ ಅದಕ್ಕೆ ಮೊದಲಿನ ಹಂತದಿಂದ ನೀರು ಹಿಡಿಯಬೇಕು. ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆಯ ಹತ್ತಿರ ತೋರಿಸುವ ನೀರು ಸಿಕ್ಕರೆ ಪಾಚಿಯ ಕಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಇನ್ನು ಕಲ್ಲಿನ ವಿಷಯ. ಕಲ್ಲುಹವಳ, ಕರಿಹವಳ, ಬೆಂಕಿಹವಳ, ಕಡಲ ಬೀಸಣಿಗೆ, ಕಡಲಕುದುರೆ, ಕಡಲ ಸೌತೆ ಇವೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲೇ ಸೇರಿವೆ. ಹುಲಿಗೆ ಇರುವ ರಕ್ಷಣೆ ಇವಕ್ಕೂ ಇದೆ. ಅಂಗಡಿಗಳಲ್ಲಿ ‘ಲೈವ್ ರಾಕ್’ ಎಂದು ಮಾರುವುದು ಬಹುಪಾಲು ಹವಳದ ದಿಬ್ಬದಿಂದ ಒಡೆದು ತೆಗೆದ ತುಂಡು. ನಮ್ಮದೇ ಮುರ್ಡೇಶ್ವರದ ಎದುರಿನ ನೇತ್ರಾಣಿಯ ಸುತ್ತ ಹವಳ ಬೆಳೆದಿದೆ. ಅಂಥ ಜಾಗದಿಂದ ಒಂದು ತುಂಡನ್ನು ಕೀಳುವುದೂ ಅಪರಾಧ, ಅದಕ್ಕಿಂತ ಮಿಗಿಲಾಗಿ ಹಾಗೆ ಕಿತ್ತ ಜಾಗ ತಿರುಗಿ ತುಂಬಿಕೊಳ್ಳಲು ದಶಕಗಳೇ ಬೇಕು. ರಂಧ್ರಗಳಿರುವ ಸೆರಾಮಿಕ್ ಕಲ್ಲುಗಳು ಈಗ ದೊರೆಯುತ್ತವೆ. ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾ ನೆಲೆಸಲು ಬೇಕಾದದ್ದು ರಂಧ್ರಗಳೇ ಹೊರತು ಹವಳವಲ್ಲ. ಮರಳಿಗೂ ಸುರತ್ಕಲ್ಲಿನ ದಡಕ್ಕೆ ಹೋಗಬೇಡಿ, ಪ್ಯಾಕೆಟ್‌ನಲ್ಲಿ ಬರುವ ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ) ಮರಳನ್ನು ತೆಗೆದುಕೊಳ್ಳಿ.

ಪ್ರಶ್ನೆ: ತೊಟ್ಟಿ ಇಟ್ಟು ಎರಡು ವಾರಗಳಾದವು. ನೀರು ಸ್ಫಟಿಕದಂತೆ ತಿಳಿಯಾಗಿದೆ, ಅಮೋನಿಯಾ ಸೊನ್ನೆ ತೋರಿಸುತ್ತಿದೆ. ನೈಟ್ರೈಟ್ ಮಾತ್ರ ಗಾಢ ನೇರಳೆ ಬಣ್ಣ ತೋರಿಸುತ್ತಿದೆ. ಮನೆಯವರು ಖಾಲಿ ತೊಟ್ಟಿಯನ್ನು ನೋಡಿ ನೋಡಿ ಬೇಸತ್ತಿದ್ದಾರೆ. ಮೀನು ಬಿಡಬಹುದೇ?
— ಓದುಗರು, ಮೈಸೂರು

ಉತ್ತರ: ಇನ್ನೂ ಬಿಡಬೇಡಿ. ನಿಮ್ಮ ತೊಟ್ಟಿ ಸರಿಯಾದ ದಾರಿಯಲ್ಲೇ ಇದೆ, ಅರ್ಧ ದೂರ ಬಂದಿದೆ ಅಷ್ಟೆ. ಮೀನಿನ ಹಿಕ್ಕೆ ಮತ್ತು ಉಳಿದ ಆಹಾರ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಸುತ್ತವೆ, ಮತ್ತೊಂದು ಬಗೆಯವು ಆ ನೈಟ್ರೈಟನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತವೆ. ಮೊದಲ ಬಗೆಯವು ನಿಮ್ಮಲ್ಲಿ ಆಗಲೇ ನೆಲೆಯೂರಿವೆ. ಎರಡನೆಯವು ನಿಧಾನವಾಗಿ ಬೆಳೆಯುತ್ತಿವೆ, ಪರೀಕ್ಷಾ ನಳಿಕೆಯ ನೇರಳೆ ಬಣ್ಣಕ್ಕೆ ಕಾರಣ ಅದು. ಉಪ್ಪುನೀರಿನ ಕ್ಲೋರೈಡಿನಿಂದಾಗಿ ನೈಟ್ರೈಟ್ ಕಡಲ ಮೀನಿಗೆ ಸಿಹಿನೀರಿನ ಮೀನಿಗಾದಷ್ಟು ಕೆಡುಕು ಮಾಡುವುದಿಲ್ಲ ಎಂಬುದು ನಿಜ, ಆದರೂ ತೊಟ್ಟಿ ಇನ್ನೂ ಪಕ್ವವಾಗಿಲ್ಲ ಎಂಬ ಸ್ಪಷ್ಟ ಸೂಚನೆ ಅದು.

ನೀರಿನ ತಿಳಿತನ ಇಲ್ಲಿ ಏನನ್ನೂ ಹೇಳುವುದಿಲ್ಲ. ವಿಷ ಕಣ್ಣಿಗೆ ಕಾಣುವುದಿಲ್ಲ. ಕಡಲ ನೀರಿನ ಪಿಎಚ್ 8.1ರಿಂದ 8.4ರಷ್ಟಿರುತ್ತದೆ, ಪಿಎಚ್ ಏರಿದಷ್ಟೂ ಅಮೋನಿಯಾದ ವಿಷಕಾರಿ ರೂಪದ ಪಾಲು ಹೆಚ್ಚುತ್ತದೆ. ಗೋಲ್ಡ್‌ಫಿಶ್ ಹೇಗೋ ಸಹಿಸಿಕೊಂಡ ಪ್ರಮಾಣ ಕ್ಲೌನ್ ಮೀನಿನ ಕಿವಿರನ್ನು ಸುಟ್ಟುಹಾಕಬಹುದು. ಸಾಮಾನ್ಯವಾಗಿ ಈ ಪಾಕ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು. ಅಮೋನಿಯಂ ಕ್ಲೋರೈಡ್ ದ್ರಾವಣವನ್ನು ಲೀಟರಿಗೆ ಎರಡು ಮಿಲಿಗ್ರಾಂ ಅಮೋನಿಯಾ ಆಗುವಷ್ಟು ಹಾಕಿ, ಮರುದಿನ ಅದೇ ಹೊತ್ತಿಗೆ ಅಳೆದಾಗ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದರೆ ತೊಟ್ಟಿ ಸಿದ್ಧವಾಯಿತೆಂದು ತಿಳಿಯಿರಿ. ಆಮೇಲೆ ಅರ್ಧದಷ್ಟು ನೀರು ಬದಲಿಸಿ ನೈಟ್ರೇಟನ್ನು ಇಳಿಸಿ. ಈ ನಡುವೆ ಕಲ್ಲು, ಮರಳಿನ ಮೇಲೆ ಕಂದು ಬಣ್ಣದ ಧೂಳಿನಂಥ ಪಾಚಿ ಹರಡುತ್ತದೆ. ಅದು ಡಯಾಟಮ್, ಅದಕ್ಕೆ ಔಷಧ ಹಾಕಬೇಡಿ, ನೀರಿನ ಸಿಲಿಕೇಟ್ ಮುಗಿಯುತ್ತಿದ್ದಂತೆ ಅದೂ ಹೋಗುತ್ತದೆ.

ಒಂದು ಅಗ್ಗದ ಡ್ಯಾಮ್ಸೆಲ್ ಮೀನನ್ನು ಬಿಟ್ಟು ಅದರಿಂದಲೇ ತೊಟ್ಟಿಯನ್ನು ಹದಗೊಳಿಸುವ ಸಲಹೆಯನ್ನು ಈಗಲೂ ಕೊಡುವವರಿದ್ದಾರೆ. ಬಾಟಲಿಯಲ್ಲಿ ಸಿಗುವ ಅಮೋನಿಯಾದಿಂದ ಆಗುವ ಕೆಲಸಕ್ಕೆ ಒಂದು ಜೀವವನ್ನು ವಾರಗಟ್ಟಲೆ ನರಳಿಸುವುದನ್ನು ನಾನು ಒಪ್ಪಲಾರೆ. ಬದುಕುಳಿದ ಡ್ಯಾಮ್ಸೆಲ್ ತೊಟ್ಟಿಯೆಲ್ಲ ತನ್ನದೆಂದು ಭಾವಿಸಿ ಮುಂದೆ ಬಂದ ಮೀನುಗಳನ್ನು ಬೆನ್ನಟ್ಟಿ ಕಚ್ಚುತ್ತದೆ ಎಂಬುದೂ ನೆನಪಿರಲಿ.

ಪ್ರಶ್ನೆ: ನಮ್ಮ 120 ಲೀಟರ್ ತೊಟ್ಟಿ ಸಿದ್ಧವಾಗಿದೆ. ನೀಲಿ ಟ್ಯಾಂಗ್, ಮ್ಯಾಂಡರಿನ್, ಒಂದು ಜೋಡಿ ಕ್ಲೌನ್ ಮತ್ತು ಅವುಗಳಿಗೊಂದು ಕಡಲ ಹೂವು (ಸೀ ಅನಿಮೋನ್ ಎಂಬ ಪ್ರಾಣಿ) ತರಬೇಕೆಂದಿದ್ದೇವೆ. ಯಾವುದನ್ನು ಮೊದಲು ಬಿಡಬೇಕು?
— ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಪಟ್ಟಿಯಲ್ಲಿ ಕ್ಲೌನ್ ಜೋಡಿಯನ್ನು ಉಳಿಸಿಕೊಂಡು ಬೇರೆಲ್ಲವನ್ನೂ ಕೈಬಿಡಬೇಕೆಂದು ವಿನಂತಿಸುತ್ತೇನೆ. ನೀಲಿ ಟ್ಯಾಂಗ್ ಒಂದಡಿಯವರೆಗೆ ಬೆಳೆಯುವ, ದಿನವಿಡೀ ಈಜಾಡುವ ಮೀನು. ಎರಡಡಿಯ ತೊಟ್ಟಿ ಅದಕ್ಕೆ ಸೆರೆಮನೆ. ಮ್ಯಾಂಡರಿನ್ ಕಲ್ಲಿನ ಮೇಲೆ ಹರಿದಾಡುವ ಕೋಪಿಪಾಡ್ ಎಂಬ ಸೂಕ್ಷ್ಮ ಜೀವಿಗಳನ್ನೇ ಹೆಕ್ಕಿ ತಿನ್ನುತ್ತದೆ, ಹೊಸ ತೊಟ್ಟಿಯಲ್ಲಿ ಅವು ಇರುವುದಿಲ್ಲ, ಆದ್ದರಿಂದ ಅದು ದಿನೇದಿನೇ ಸೊರಗಿ ಹಸಿವಿನಿಂದ ಸಾಯುತ್ತದೆ. ಕಡಲ ಹೂವಿಗೆ ಪ್ರಖರವಾದ ಬೆಳಕು ಬೇಕು, ಹಲವು ತಿಂಗಳು ಹಳೆಯದಾದ ಸ್ಥಿರವಾದ ನೀರೂ ಬೇಕು. ಕ್ಲೌನ್ ಮೀನಿಗೆ ಅದು ಬೇಕೇಬೇಕೆಂಬುದು ತಪ್ಪು ತಿಳಿವಳಿಕೆ. ಶತ್ರುಗಳಿಲ್ಲದ ತೊಟ್ಟಿಯಲ್ಲಿ ಅವು ಒಂದು ಮೂಲೆಯನ್ನೋ ಕಲ್ಲಿನ ಪೊಟರೆಯನ್ನೋ ಮನೆ ಮಾಡಿಕೊಂಡು ಸುಖವಾಗಿರುತ್ತವೆ.

ಕ್ಲೌನ್ ಮೀನನ್ನು ಕೊಳ್ಳುವಾಗ ತೊಟ್ಟಿಯಲ್ಲೇ ಮರಿಯಾದದ್ದೇ ಎಂದು ಕೇಳಿ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಡಪಂ ಮತ್ತು ವಿಳಿಂಜಂ ಕೇಂದ್ರಗಳು ಇವುಗಳನ್ನು ಮರಿ ಮಾಡಿಸುವ ವಿಧಾನವನ್ನು ರೂಪಿಸಿವೆ. ಲಕ್ಷದ್ವೀಪದ ಅಗತ್ತಿಯಲ್ಲಿ ದ್ವೀಪದ ಮಹಿಳೆಯರಿಗೇ ಅಲಂಕಾರಿಕ ಸೀಗಡಿ, ಮೀನುಗಳನ್ನು ಸಾಕುವ ತರಬೇತಿ ದೊರೆತಿದೆ. ಹೀಗೆ ಹುಟ್ಟಿದ ಮೀನು ಮನೆಗೆ ಬಂದ ಮೊದಲ ದಿನದಿಂದಲೇ ಕಾಳಿನಂಥ ಆಹಾರ ತಿನ್ನುತ್ತದೆ, ದಿಬ್ಬದಿಂದ ಹಿಡಿದು ತಂದದ್ದಕ್ಕಿಂತ ಗಟ್ಟಿಯೂ ಹೌದು. ಎರಡು ಸಣ್ಣ ಮರಿಗಳನ್ನು, ಗಾತ್ರದಲ್ಲಿ ತುಸು ಅಂತರವಿರುವಂತೆ ಆರಿಸಿ. ಇವೆಲ್ಲ ಗಂಡಾಗಿಯೇ ಬೆಳೆಯುತ್ತವೆ, ಎರಡರಲ್ಲಿ ದೊಡ್ಡದು ಮುಂದೆ ಹೆಣ್ಣಾಗುತ್ತದೆ, ಹಾಗಾಗಿ ಯಾವ ಎರಡು ಮರಿಗಳಾದರೂ ಜೋಡಿಯಾಗಬಲ್ಲವು.

ಆದರೆ ಅವುಗಳನ್ನು ಕೊನೆಗೆ ಬಿಡಿ. ಮೊದಲು ಪಾಚಿ ತಿನ್ನುವ ನಾಲ್ಕೈದು ಬಸವನಹುಳುಗಳು, ಎರಡು ವಾರ ಕಳೆದ ಮೇಲೆ ಒಂದು ಹಳದಿ ವಾಚ್‌ಮನ್ ಗೋಬಿ ಮತ್ತು ಅದರ ಜೊತೆಗೊಂದು ಪಿಸ್ತೂಲ್ ಸೀಗಡಿ. ಈ ಎರಡರ ಸಹಬಾಳ್ವೆಯನ್ನು ನಿಮ್ಮ ಮಕ್ಕಳು ಗಂಟೆಗಟ್ಟಲೆ ನೋಡುತ್ತಾರೆ. ಕಣ್ಣು ಮಂದವಾದ ಸೀಗಡಿ ಬಿಲದೊಳಗಿನಿಂದ ಮರಳನ್ನು ತೋಡಿ ಹೊರಗೆ ತಳ್ಳುತ್ತಿರುತ್ತದೆ. ಹೊರಗೆ ಬಂದಾಗಲೆಲ್ಲ ಒಂದು ಮೀಸೆಯನ್ನು ಬಾಗಿಲಲ್ಲಿ ಕಾವಲು ಕೂತ ಗೋಬಿಯ ಮೈಗೆ ತಾಗಿಸಿಯೇ ಇರುತ್ತದೆ. ಅಪಾಯ ಕಂಡ ಕೂಡಲೇ ಗೋಬಿ ಬಾಲವನ್ನು ಅದುರಿಸುತ್ತದೆ, ಸೀಗಡಿ ಒಳಗೆ ಸರಿಯುತ್ತದೆ. ಅದು ತೋಡುವ ಪ್ರಾಣಿಯಾದ್ದರಿಂದ ಕಲ್ಲುಗಳನ್ನು ಮರಳಿನ ಮೇಲಲ್ಲ, ತಳದ ಗಾಜಿನ ಮೇಲೆಯೇ ಕೂರಿಸಿ ಆಮೇಲೆ ಮರಳು ಸುರಿಯಬೇಕು. ಇಲ್ಲವಾದರೆ ಅಡಿ ಸಡಿಲವಾಗಿ ಕಲ್ಲು ಉರುಳಬಹುದು. ತೊಟ್ಟಿಗೆ ಬಲೆಯ ಮುಚ್ಚಳವೂ ಬೇಕು, ಗೋಬಿಗಳು ಬೆದರಿದರೆ ಹೊರಗೆ ಹಾರುತ್ತವೆ.

ಹೊಸ ಮೀನುಗಳನ್ನೆಲ್ಲ ಮೂರು ನಾಲ್ಕು ವಾರ ಬೇರೊಂದು ಸಣ್ಣ ತೊಟ್ಟಿಯಲ್ಲಿ ಇಟ್ಟು ನೋಡಬೇಕು. ಕಡಲ ಮೀನಿನ ಬಿಳಿಚುಕ್ಕೆ ರೋಗಕ್ಕೆ ತಾಮ್ರದ ಔಷಧಿಯಿದೆ, ಆದರೆ ಅದು ಸೀಗಡಿ, ಬಸವನಹುಳುಗಳನ್ನು ಕೊಂದುಬಿಡುವುದರಿಂದ ಮುಖ್ಯ ತೊಟ್ಟಿಗೆ ಎಂದಿಗೂ ಹಾಕುವಂತಿಲ್ಲ.

ಪ್ರಶ್ನೆ: ವಾರ ವಾರ ಉಪ್ಪಿನಂಶ ಏರುತ್ತಲೇ ಇದೆ. ನೀರು ಇಳಿದಾಗ ಉಪ್ಪುನೀರನ್ನೇ ತುಂಬಿಸುತ್ತಿದ್ದೇವೆ. ಜೊತೆಗೆ ಕರೆಂಟು ಆಗಾಗ ಹೋಗುತ್ತದೆ, ಅದಕ್ಕೇನು ಮಾಡುವುದು?
— ಓದುಗರು, ಕೋಲಾರ

ಉತ್ತರ: ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಇಳಿದಷ್ಟನ್ನು ದಿನವೂ ಉಪ್ಪು ಬೆರೆಸದ ಆರ್‌ಓ ನೀರಿನಿಂದಲೇ ತುಂಬಬೇಕು. ಗಾಜಿನ ಮೇಲೆ ಒಂದು ಗುರುತು ಹಾಕಿಕೊಂಡು ನೀರು ಸದಾ ಅಲ್ಲಿಗೇ ನಿಲ್ಲುವಂತೆ ನೋಡಿಕೊಳ್ಳಿ. ಉಪ್ಪುನೀರು ಬೇಕಾಗುವುದು ವಾರಕ್ಕೊಮ್ಮೆ ಶೇ 10ರಷ್ಟು ನೀರನ್ನು ತೆಗೆದು ಹೊಸದು ಹಾಕುವಾಗ ಮಾತ್ರ. ಈಗಾಗಲೇ ಏರಿರುವ ಉಪ್ಪಿನಂಶವನ್ನು ಒಂದೇ ದಿನಕ್ಕೆ ಇಳಿಸಬೇಡಿ. ಸ್ವಲ್ಪ ಉಪ್ಪುನೀರು ತೆಗೆದು ಅಷ್ಟೇ ಸಿಹಿನೀರು ಹಾಕುತ್ತ, ಮೂರು ನಾಲ್ಕು ದಿನಗಳಲ್ಲಿ ಸರಿಮಾಡಿ.

ಕರೆಂಟು ಹೋದಾಗ ಮೊದಲು ಕಾಡುವುದು ಆಮ್ಲಜನಕದ ಕೊರತೆ, ಉಷ್ಣತೆಯ ಚಿಂತೆ ಆಮೇಲಿನದು. ಮನೆಯ ಯುಪಿಎಸ್‌ಗೆ ವೇವ್‌ಮೇಕರ್ ಒಂದನ್ನೇ ಜೋಡಿಸಿದರೆ ಅದು ಬಹಳ ಕಡಿಮೆ ವಿದ್ಯುತ್ ಎಳೆಯುವುದರಿಂದ ಗಂಟೆಗಟ್ಟಲೆ ನಡೆಯುತ್ತದೆ. ಯುಪಿಎಸ್ ಇಲ್ಲದಿದ್ದರೆ ಕರೆಂಟು ಹೋದೊಡನೆ ತಾನಾಗಿ ಚಾಲೂ ಆಗುವ ಬ್ಯಾಟರಿಯ ಏರ್ ಪಂಪ್ ಸಿಗುತ್ತದೆ, ಅದನ್ನು ಮೀನು ತರುವ ಮೊದಲೇ ತಂದಿಡಿ. ಕತ್ತಲಲ್ಲಿ ಮೀನುಗಳಿಗೆ ಆಹಾರ ಹಾಕಬೇಡಿ. ಕರೆಂಟು ಬಂದು ನೀರು ಒಂದು ಗಂಟೆ ಹರಿದಾಡಿದ ಮೇಲೆ ಹಾಕಿದರಾಯಿತು.