ಓವನ್‌ಬರ್ಡ್ ನೆಲದ ಮೇಲೆಯೇ ಗೂಡು ಕಟ್ಟುತ್ತದಂತೆ. ಮೊಟ್ಟೆ, ಮರಿ ಹೇಗೆ ಉಳಿಯುತ್ತವೆ?

ಗೂಡು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ, ಮುಖ್ಯ ಕಾರಣ ಅದೇ. ಉತ್ತರ ಅಮೆರಿಕದ ಕಾಡುಗಳಲ್ಲಿ ಮರಿ ಮಾಡುವ ಈ ಹಕ್ಕಿ ಸುಮಾರು 14 ಸೆಂ.ಮೀ. ಉದ್ದ, 20 ಗ್ರಾಂ ತೂಕ. ಹೆಣ್ಣು ಹಕ್ಕಿಯೊಂದೇ ಒಣ ಎಲೆ, ಹುಲ್ಲು, ತೊಗಟೆ ಸೇರಿಸಿ ಚಾವಣಿ ಇರುವ ಗೂಡು ಕಟ್ಟುತ್ತದೆ. ಬಾಗಿಲು ಪಕ್ಕಕ್ಕೆ. ಮೇಲಿಂದ ನೋಡಿದರೆ ಸುಮ್ನೆ ತರಗೆಲೆ ರಾಶಿ!

ಆದರೂ ಚಿಪ್‌ಮಂಕ್ (ಅಳಿಲಿನ ಜಾತಿಯ ಸಣ್ಣ ಪ್ರಾಣಿ), ಅಳಿಲು, ಹಾವುಗಳು ಎಷ್ಟೋ ಗೂಡು ಖಾಲಿ ಮಾಡುತ್ತವೆ. ಕೌಬರ್ಡ್ ಅನ್ನೋ ಇನ್ನೊಂದು ಹಕ್ಕಿ ಬಂದು ಕಳ್ಳತನದಲ್ಲಿ ತನ್ನ ಮೊಟ್ಟೆ ಇಟ್ಟು ಹೋಗುವುದೂ ಉಂಟು. ಕಾಡು ತುಂಡಾದ ಕಡೆ ಈ ಕಾಟ ಜಾಸ್ತಿ.

ಮರಿಗಳು ಸರಿಯಾಗಿ ಹಾರಲು ಕಲಿಯುವ ಮೊದಲೇ, ಸುಮಾರು 8 ದಿನಕ್ಕೆ, ಗೂಡು ಬಿಡುತ್ತವೆ. ಎಲ್ಲವೂ ಒಟ್ಟಿಗೆ ಸಿಕ್ಕಿಬೀಳುವುದಕ್ಕಿಂತ ಅದೇ ವಾಸಿ ಅಲ್ವಾ? ಆಮೇಲೆ ಅಪ್ಪ, ಅಮ್ಮ ಮರಿಗಳನ್ನು ಹಂಚಿಕೊಂಡು ಬೇರೆ ಬೇರೆಯಾಗಿ ಸಾಕುತ್ತವೆ.