ಮಗುವಿನ ಥೆರಪಿ: ಮುಂಗಡ ಕಟ್ಟುವ ಮೊದಲು ಕೇಳಬೇಕಾದದ್ದು

ಪ್ರಶ್ನೆ: ನನ್ನ ಮಗನಿಗೆ ಆರೂವರೆ ವರ್ಷ, ಒಂದನೇ ತರಗತಿಯಲ್ಲಿದ್ದಾನೆ. ಮಾತು ಸರಿಯಾದ ಕಾಲಕ್ಕೇ ಬಂತು, ಲೆಕ್ಕದಲ್ಲಿ ಚುರುಕು. ಆದರೆ ಮಿಕ್ಸಿ ಹಾಕಿದರೆ, ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಾನೆ. ತಲೆಗೆ ಎಣ್ಣೆ ಹಚ್ಚಲು ಬಿಡುವುದಿಲ್ಲ, ಅಂಗಿಯ ಕೊರಳಿನ ಲೇಬಲ್ ಕತ್ತರಿಸದೆ ತೊಡುವುದಿಲ್ಲ, ಸಾರು ಕಲಸಿದ ಅನ್ನವನ್ನು ಕೈಯಿಂದ ಮುಟ್ಟುವುದಿಲ್ಲ. ಅದೇ ಹುಡುಗ ದಿನವಿಡೀ ಮಂಚದಿಂದ ಜಿಗಿಯುತ್ತಾನೆ, ಬಂದವರ ಮೈಮೇಲೆ ಬೀಳುತ್ತಾನೆ. ತರಗತಿಯಲ್ಲಿ ಐದು ನಿಮಿಷವೂ ಕೂರುವುದಿಲ್ಲವೆಂದು ಟೀಚರ್ ವಾರವಾರವೂ ಹೇಳಿ ಕಳಿಸುತ್ತಾರೆ. ಹತ್ತಿರದ ನಗರದ ಖಾಸಗಿ ಥೆರಪಿ ಕೇಂದ್ರವೊಂದಕ್ಕೆ ಹೋಗಿದ್ದೆವು. ಅರ್ಧ ಗಂಟೆ ನೋಡಿ ‘ಸೆನ್ಸರಿ ಪ್ರಾಸೆಸಿಂಗ್ ಡಿಸಾರ್ಡರ್ ಮತ್ತು ಎಡಿಎಚ್‌ಡಿ’ ಎಂದರು. ವಾರಕ್ಕೆ 5 ಸೆಷನ್‌ನಂತೆ 12 ವಾರಗಳ ಪ್ಯಾಕೇಜಿಗೆ 36,000 ರೂಪಾಯಿ, ಪೂರ್ತಿ ಮುಂಗಡ ಕಟ್ಟಬೇಕು, ಈ ತಿಂಗಳೊಳಗೆ ಕಟ್ಟಿದರೆ ರಿಯಾಯಿತಿ ಎಂದೂ ಹೇಳಿದರು. ನಮ್ಮ ಅತ್ತೆಯವರು ‘ಗಂಡುಹುಡುಗರು ಇರುವುದೇ ಹಾಗೆ, ದೊಡ್ಡವನಾದರೆ ಸರಿಹೋಗುತ್ತಾನೆ’ ಎನ್ನುತ್ತಾರೆ. ಯಾರ ಮಾತು ಕೇಳಲಿ?
— ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಈ ತಿಂಗಳು ಹಣ ಕಟ್ಟಬೇಡಿ. ನೀವು ಬರೆದಿರುವ ತೊಂದರೆಗಳು ನಿಜವಾದವು, ನೆರವು ಬೇಕಾದವು. ಆದರೆ ರಿಯಾಯಿತಿಯ ಗಡುವಿಗೆ ಓಡಬೇಕಾದ ತುರ್ತು ಅವುಗಳಲ್ಲಿಲ್ಲ. ಅತ್ತೆಯವರ ಮಾತಿನಂತೆ ಎರಡು ಮೂರು ವರ್ಷ ಕಾದು ನೋಡುವುದೂ ಸಲ್ಲದು, ಏಕೆಂದರೆ ಅಷ್ಟರಲ್ಲಿ ಹುಡುಗನಿಗೆ ಶಾಲೆಯಲ್ಲಿ ‘ತುಂಟ’ ಎಂಬ ಹೆಸರು ಗಟ್ಟಿಯಾಗಿ, ಅವನೂ ಅದನ್ನೇ ನಂಬಿಬಿಡುತ್ತಾನೆ.

ನಿಮಗೆ ಹೇಳಿರುವ ಎರಡು ಹೆಸರುಗಳು ಒಂದೇ ತೂಕದವಲ್ಲ. ಎಡಿಎಚ್‌ಡಿ ಎಂಬುದು ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ; ವೈದ್ಯಶಾಸ್ತ್ರ ಒಪ್ಪಿರುವ, ಸ್ಪಷ್ಟ ಲಕ್ಷಣಪಟ್ಟಿ ಇರುವ ಸ್ಥಿತಿ. ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ ಇರಬೇಕು, ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಗಳಲ್ಲಾದರೂ ಇರಬೇಕು, ವಯಸ್ಸಿಗೆ ಮೀರಿದಷ್ಟಿರಬೇಕು. ಶಾಲೆಯಿಂದ ಒಂದು ಮಾತನ್ನೂ ತರಿಸಿಕೊಳ್ಳದೆ ಅರ್ಧ ಗಂಟೆಯಲ್ಲಿ ಅದನ್ನು ತೀರ್ಮಾನಿಸಲು ಬರುವುದಿಲ್ಲ. ‘ಸೆನ್ಸರಿ ಪ್ರಾಸೆಸಿಂಗ್ ಡಿಸಾರ್ಡರ್’ ಎಂಬುದು ಸದ್ದು, ಸ್ಪರ್ಶಗಳನ್ನು ಮೆದುಳು ಸರಿಯಾಗಿ ನಿಭಾಯಿಸದಿರುವುದಕ್ಕೆ ಇಟ್ಟ ಹೆಸರು; ಅದಾದರೋ, 2013ರಲ್ಲಿ ಪ್ರಕಟವಾದ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ-5ರಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಸೇರಿಲ್ಲ. ಹಾಗೆಂದು ನಿಮ್ಮ ಮಗನ ಕಿವಿಗೆ ಮಿಕ್ಸಿಯ ಸದ್ದು ಸಹಿಸಲಾಗದಷ್ಟು ಜೋರಾಗಿ ಕೇಳುತ್ತಿಲ್ಲವೆಂದಲ್ಲ. ಇಂಥ ಸಂವೇದನೆಯ ತೊಂದರೆ ಆಟಿಸಂ ಇರುವ ಮಕ್ಕಳಲ್ಲಿ ಬಹಳ ಸಾಮಾನ್ಯ, ಎಡಿಎಚ್‌ಡಿ ಇರುವವರಲ್ಲಿಯೂ ಉಂಟು, ಎರಡೂ ಇಲ್ಲದ ಮಕ್ಕಳಲ್ಲಿಯೂ ಕಾಣುತ್ತದೆ. ಆದ್ದರಿಂದ ಹಿಂದಿರುವುದು ಏನು ಎಂದು ನೋಡದೆ ಮೇಲಿನದಕ್ಕೆ ಮಾತ್ರ ಹೆಸರಿಟ್ಟರೆ ಸಾಲದು. ಮಾತು ಸಮಯಕ್ಕೆ ಬಂದಿದೆ ಎಂಬ ಒಂದೇ ಕಾರಣಕ್ಕೆ ಆಟಿಸಂ ಅಲ್ಲವೆಂದು ಹೇಳಲಾಗದು. ಹಾಗೆಯೇ ಕಿವಿ, ಕಣ್ಣು, ರಕ್ತದಲ್ಲಿನ ಕಬ್ಬಿಣದ ಅಂಶಗಳ ಪರೀಕ್ಷೆ ಆಗಬೇಕು, ನಿದ್ರೆಯ ವಿಚಾರಣೆಯೂ ಆಗಬೇಕು. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುವ ಮಗು ಹಗಲು ಒಂದೆಡೆ ನಿಲ್ಲದೆ ಕುಣಿಯುವುದನ್ನು ಮಕ್ಕಳ ವೈದ್ಯರು ಆಗಾಗ ನೋಡುತ್ತಾರೆ.

ಈ ಪರೀಕ್ಷೆಯನ್ನು ಥೆರಪಿ ಮಾರುವವರಿಂದಲೇ ಮಾಡಿಸಬೇಡಿ ಎಂಬುದು ನನ್ನ ಖಚಿತ ಸಲಹೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾದಾಗಿನಿಂದ ಜಿಲ್ಲಾ ಮಟ್ಟದಲ್ಲಿ, ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ‘ಶೀಘ್ರ ಮಧ್ಯಸ್ಥಿಕೆ ಕೇಂದ್ರ’ಗಳೆಂಬ ವ್ಯವಸ್ಥೆ ಬಂದಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಎಂದು ಕೇಳಿದರೆ ದಾರಿ ತೋರಿಸುತ್ತಾರೆ, ಅಲ್ಲಿನ ಸೇವೆಗೆ ಹಣವಿಲ್ಲ. ನಿಮ್ಮ ಊರಿನಿಂದ ದಾವಣಗೆರೆ ದೂರವಲ್ಲ, ಅಲ್ಲಿ ಅಂಗವಿಕಲರಿಗಾಗಿ ಇರುವ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ, ಸಿಆರ್‌ಸಿ ಎಂದರೆ ಜನರಿಗೆ ಗೊತ್ತು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇವೆ. ಸರತಿಯಲ್ಲಿ ಕಾಯಬೇಕಾಗುತ್ತದೆ ನಿಜ. ಆದರೆ ಅಲ್ಲಿಂದ ಬರೆಸಿಕೊಂಡ ವರದಿ ಕೈಯಲ್ಲಿದ್ದರೆ ಖಾಸಗಿ ಕೇಂದ್ರದಲ್ಲಿ ನೀವು ಆಡುವ ಮಾತಿನ ಧಾಟಿಯೇ ಬೇರೆಯಾಗುತ್ತದೆ. ವಾರವಾರದ ಥೆರಪಿಗೆ ಧಾರವಾಡಕ್ಕೆ ಓಡಾಡುವುದು ಸಾಧ್ಯವಿಲ್ಲ, ಅದಕ್ಕೆ ಹತ್ತಿರದ ಖಾಸಗಿ ಕೇಂದ್ರವೇ ಅನುಕೂಲ. ಪರೀಕ್ಷೆ ಸರ್ಕಾರಿ ಸಂಸ್ಥೆಯಲ್ಲಿ, ಥೆರಪಿ ಮನೆಯ ಹತ್ತಿರ ಎಂಬ ಏರ್ಪಾಟು ನನಗೆ ಸರಿಯೆನಿಸುತ್ತದೆ.

ಇನ್ನು ಥೆರಪಿಸ್ಟರ ಆಯ್ಕೆ. ಸಂವೇದನೆಯ ತೊಂದರೆಗೆ ಕೆಲಸ ಮಾಡಬೇಕಾದವರು ಆಕ್ಯುಪೇಷನಲ್ ಥೆರಪಿಸ್ಟರು, ಅಂದರೆ ಊಟ, ಬಟ್ಟೆ, ಆಟದಂಥ ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವ ಚಿಕಿತ್ಸಕರು, ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷದ ಬಿಓಟಿ ಪದವಿ ಪಡೆದವರು. ವಾಕ್ ಚಿಕಿತ್ಸಕರು, ಕ್ಲಿನಿಕಲ್ ಸೈಕಾಲಜಿಸ್ಟರು ಮತ್ತು ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಎಂದರೆ ಆರ್‌ಸಿಐ, ನೋಂದಣಿ ಸಂಖ್ಯೆ ಇರಲೇಬೇಕು. ಅದನ್ನು ಪರಿಷತ್ತಿನ ಜಾಲತಾಣದಲ್ಲಿ ನೀವೇ ಪರಿಶೀಲಿಸಬಹುದು. ಆಕ್ಯುಪೇಷನಲ್ ಥೆರಪಿಸ್ಟರು ಆರ್‌ಸಿಐ ವ್ಯಾಪ್ತಿಗೆ ಬರುವುದಿಲ್ಲ, ಅವರದು 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯ ವ್ಯಾಪ್ತಿ. ಹಾಗಾಗಿ ಅವರ ಬಳಿ ಪದವಿಯ ಪ್ರಮಾಣಪತ್ರವನ್ನೂ ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟರ ಸಂಘದ ಸದಸ್ಯತ್ವವನ್ನೂ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ಓದಿದವರು ತೋರಿಸಲು ಹಿಂಜರಿಯುವುದಿಲ್ಲ. ಬೋರ್ಡಿನ ಮೇಲೆ ಇರುವ ಹೆಸರು ಯಾರದು ಎನ್ನುವುದಕ್ಕಿಂತ ದಿನಾ ನಿಮ್ಮ ಮಗನ ಜೊತೆ ಕೂರುವವರು ಯಾರು ಎನ್ನುವುದು ಮುಖ್ಯ. ಪರೀಕ್ಷೆಯ ದಿನ ಹಿರಿಯರು ಕಾಣಿಸಿಕೊಂಡು, ಮರುದಿನದಿಂದ ಕೆಲವು ವಾರಗಳ ತರಬೇತಿ ಪಡೆದ ಸಹಾಯಕರು ಮಗುವನ್ನು ಒಳಗೆ ಕರೆದೊಯ್ಯುವ ಕೇಂದ್ರಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಉಯ್ಯಾಲೆ, ಬಣ್ಣದ ಚೆಂಡಿನ ಕೊಳ, ದೀಪ ಮಿನುಗುವ ಕತ್ತಲೆ ಕೋಣೆ ನೋಡಿ ಮರುಳಾಗಬೇಡಿ. ಇಂಥ ಸಾಧನಗಳನ್ನು ಬಳಸಿ ಇಂದ್ರಿಯಗಳ ಗ್ರಹಿಕೆಯನ್ನು ಹದಗೊಳಿಸಲು ನೋಡುವ ಸೆನ್ಸರಿ ಇಂಟಿಗ್ರೇಷನ್ ಎಂಬ ವಿಧಾನವನ್ನು ರೂಪಿಸಿದವರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್. ಅದರಿಂದ ಕೆಲವು ಮಕ್ಕಳಿಗೆ ಪ್ರಯೋಜನವಾಗುತ್ತದೆ. ಆದರೆ ಸಂಶೋಧನೆಯ ಪುರಾವೆ ಸೀಮಿತವಾಗಿದೆ, ಖಚಿತವಾಗಿಲ್ಲ, ಇದನ್ನು ತಂದೆತಾಯಿಗೆ ತಿಳಿಸಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿಯೇ ಹೇಳಿದೆ. ಉಯ್ಯಾಲೆ ತೂಗಿದ್ದರಿಂದ ಎಡಿಎಚ್‌ಡಿ ವಾಸಿಯಾಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಹೀಗೆ ಪುರಾವೆ ತೆಳುವಾಗಿರುವಾಗ ನಿಮ್ಮ ಮಗನಿಗೆ ಉಪಯೋಗವಾಗುತ್ತಿದೆಯೇ ಎಂಬುದನ್ನು ಅಳೆದು ನೋಡುವುದೊಂದೇ ದಾರಿ, ಅಳೆಯಬೇಕಾದರೆ ಗುರಿ ಬರವಣಿಗೆಯಲ್ಲಿರಬೇಕು. ‘ಸೆನ್ಸರಿ ಸುಧಾರಣೆ’, ‘ಏಕಾಗ್ರತೆ ಹೆಚ್ಚಳ’ ಎಂದು ಬರೆದುಕೊಟ್ಟರೆ ಅದು ಗುರಿಯಲ್ಲ. ಅಂಗಳದಲ್ಲಿ ಕೂತು ಅಪ್ಪನ ಕೈಯಿಂದ ಅಳದೆ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವುದು, ಕುಕ್ಕರ್ ಕೂಗಿದಾಗ ಓಡದೆ ಕಿವಿ ಮುಚ್ಚಿಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಲ್ಲುವುದು, ಊಟಕ್ಕೆ ಕೂತವನು ಹತ್ತು ನಿಮಿಷ ಏಳದಿರುವುದು: ಇವು ಗುರಿಗಳು. ಇಂಥ ಮೂರನ್ನು ನೀವೇ ಆರಿಸಿ, ಇವತ್ತಿನ ಸ್ಥಿತಿ ಹೇಗಿದೆಯೆಂದು ಪಕ್ಕದಲ್ಲಿ ಬರೆದು ದಿನಾಂಕ ಹಾಕಿ. ಹತ್ತು ವಾರದ ನಂತರ ಅದೇ ಹಾಳೆಯನ್ನು ಮುಂದಿಟ್ಟುಕೊಂಡು ಥೆರಪಿಸ್ಟರ ಜೊತೆ ಕೂತು ಮಾತನಾಡಿ. ಮೂರರಲ್ಲಿ ಒಂದೂ ಕದಲದಿದ್ದರೆ ವಿಧಾನ ಬದಲಾಗಬೇಕು, ಇಲ್ಲವೇ ಕೇಂದ್ರ ಬದಲಾಗಬೇಕು.

ಹಣ ಕಟ್ಟುವ ಮೊದಲು ಒಂದು ಸೆಷನ್ ಕೂತು ನೋಡಲು ಬಿಡಿ ಎಂದು ಕೇಳಿ. ತಿಳಿದ ಥೆರಪಿಸ್ಟ್ ಮಗು ಬಂದ ಕೂಡಲೇ ಅದನ್ನು ಎತ್ತಿ ಉಯ್ಯಾಲೆಗೆ ಕೂರಿಸುವುದಿಲ್ಲ. ನೆಲದ ಮೇಲೆ ಕೂತು, ಮಗು ತಾನಾಗಿ ಯಾವುದರ ಕಡೆ ಹೋಗುತ್ತದೆ, ಯಾವುದನ್ನು ಕಂಡು ಹಿಂದೆ ಸರಿಯುತ್ತದೆ ಎಂದು ಸ್ವಲ್ಪ ಹೊತ್ತು ನೋಡುತ್ತಾರೆ. ಮಗು ಬೇಡವೆಂದಾಗ ನಿಲ್ಲಿಸಿ ಅದನ್ನೇ ಇನ್ನಷ್ಟು ಹಗುರವಾಗಿ ಮಾಡಿ ಕೊಡುತ್ತಾರೆ. ನಡುವೆ ನಿಮ್ಮ ಕಡೆ ತಿರುಗಿ ಹಲ್ಲುಜ್ಜುವಾಗ ಏನಾಗುತ್ತದೆ, ಕ್ಷೌರಕ್ಕೆ ಎಲ್ಲಿ ಕೂರಿಸುತ್ತೀರಿ ಎಂದು ವಿಚಾರಿಸುತ್ತಾರೆ, ಕೊನೆಯ ಐದು ಹತ್ತು ನಿಮಿಷವನ್ನು ಮನೆಯಲ್ಲಿ ಏನು ಮಾಡಬೇಕೆಂದು ತೋರಿಸಲು ಮೀಸಲಿಡುತ್ತಾರೆ. ತಾಯಿಯನ್ನು ಹೊರಗೆ ಕೂರಿಸಿ, ಬಾಗಿಲು ಮುಚ್ಚಿ, ಅಳುವ ಮಗುವಿನ ಕೈಯನ್ನು ಒತ್ತಾಯದಿಂದ ಮರಳಿಗೋ ಬಣ್ಣಕ್ಕೋ ಅದ್ದುವವರ ಹತ್ತಿರ ಬೇಡ, ಅವರ ಕೋಣೆ ಎಷ್ಟೇ ಚೆನ್ನಾಗಿರಲಿ.

ಹಣದ ವಿಷಯ. 60 ಸೆಷನ್‌ಗೆ 36,000 ಎಂದರೆ ಒಂದಕ್ಕೆ 600 ರೂಪಾಯಿ. ಅದು ದುಬಾರಿಯೆಂದು ನಾನು ಹೇಳಲಾರೆ, ನನ್ನ ತಕರಾರು 60ರ ಬಗ್ಗೆ. ಶಾಲೆ ಮುಗಿಸಿ ಬಂದ ಆರು ವರ್ಷದ ಹುಡುಗನನ್ನು ವಾರಕ್ಕೆ ಐದು ದಿನ ಬಸ್ಸು ಹತ್ತಿಸಿ ಕರೆದೊಯ್ದರೆ ಅವನಿಗೆ ಆಡಲು ಸಮಯ ಎಲ್ಲಿ ಉಳಿಯುತ್ತದೆ? ವಾರಕ್ಕೆ ಎರಡರಿಂದ ಶುರುಮಾಡಿ, ತಿಂಗಳು ತಿಂಗಳಿಗೆ ಕಟ್ಟುತ್ತೇವೆ ಎನ್ನಿ. ಮುಂಗಡ ಕಟ್ಟಲೇಬೇಕಾದರೆ ನಡುವೆ ಬಿಟ್ಟರೆ ಎಷ್ಟು ಹಿಂತಿರುಗಿಸುತ್ತಾರೆ ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ.

ಉಳಿದ ಐದು ದಿನಗಳ ಕೆಲಸ ಮನೆಯದು. ಜಿಗಿಯುವ, ಡಿಕ್ಕಿ ಹೊಡೆಯುವ ಮಗುವಿನ ಮಾಂಸಖಂಡ ಮತ್ತು ಕೀಲುಗಳು ಭಾರವನ್ನು ಬೇಡುತ್ತಿರುತ್ತವೆ. ಅದನ್ನು ತುಂಬಿದ ಬಿಂದಿಗೆ ಎತ್ತಿಸುವುದು, ಸಂತೆಯ ಚೀಲ ಹೊರಿಸುವುದು, ರೊಟ್ಟಿಗೆ ಹಿಟ್ಟು ನಾದಿಸುವುದರಿಂದ ಕೊಡಬಹುದು. ಹಿಟ್ಟು ಕೈಗೆ ಅಂಟುವುದು ಇಷ್ಟವಿಲ್ಲದಿದ್ದರೆ ಮೊದಲು ಒಣಹಿಟ್ಟಿನಿಂದ ಶುರುಮಾಡಿ. ಮಿಕ್ಸಿ ಹಾಕುವ ಮೊದಲು ‘ಈಗ ಹಾಕುತ್ತೇನೆ’ ಎಂದು ಹೇಳಿ, ಸಾಧ್ಯವಾದರೆ ಸ್ವಿಚ್ ಅವನ ಕೈಗೇ ಕೊಡಿ. ಟೀಚರನ್ನು ಕಂಡು, ಮುಂದಿನ ಬೆಂಚಿನಲ್ಲಿ ಕಿಟಕಿಯಿಂದ ದೂರ ಕೂರಿಸಲು, ಹೋಂವರ್ಕ್ ಪುಸ್ತಕ ಸಂಗ್ರಹಿಸುವಂಥ ಎದ್ದು ಓಡಾಡುವ ಕೆಲಸವನ್ನು ಅವನಿಗೇ ವಹಿಸಲು ವಿನಂತಿಸಿ. ಇದಕ್ಕೆ ಯಾವ ಪ್ಯಾಕೇಜೂ ಬೇಡ.

ಪ್ರಶ್ನೆ: ನನ್ನ ಮಗಳು, ಅಳಿಯ ಬೆಂಗಳೂರಿನಲ್ಲಿದ್ದಾರೆ. ನಾಲ್ಕು ವರ್ಷದ ಮೊಮ್ಮಗನಿಗೆ ಆಟಿಸಂ ಎಂದು ಗೊತ್ತಾದ ಮೇಲೆ ಎರಡು ಕಡೆ ಥೆರಪಿಗೆ ಕಳಿಸುತ್ತಿದ್ದಾರೆ. ಮಗು ಸಂಜೆಗೆ ಸುಸ್ತಾಗಿ ಬೀಳುತ್ತದೆ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಒಂದನ್ನೇ ಆಡಿ ಎಂದು ಅಲ್ಲಿ ಹೇಳಿದ್ದಾರಂತೆ. ನನಗೆ ಇಂಗ್ಲಿಷ್ ಬರುವುದಿಲ್ಲ, ನಾನು ಅವನೊಡನೆ ಸುಮ್ಮನಿರಬೇಕೇ?
— ಅಜ್ಜಿ, ತುಮಕೂರು

ಉತ್ತರ: ಸುಮ್ಮನಿರಬೇಡಿ ಅಮ್ಮ, ಧಾರಾಳವಾಗಿ ಕನ್ನಡದಲ್ಲೇ ಮಾತಾಡಿ. ಎರಡು ಭಾಷೆ ಕಿವಿಗೆ ಬೀಳುವುದರಿಂದ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಎಂಬುದನ್ನು ಸಂಶೋಧನೆಗಳು ಒಪ್ಪಿಲ್ಲ. ಮನೆಯವರು ಸಲೀಸಾಗಿ ಆಡದ ಭಾಷೆಯನ್ನು ಹೇರಿದರೆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ. ನಿಮ್ಮ ಮಗಳಿಗೆ ಕನ್ನಡದಲ್ಲಿ ಕೆಲಸ ಮಾಡುವ ವಾಕ್ ಚಿಕಿತ್ಸಕರನ್ನು ಹುಡುಕಲು ಹೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಮಾಡಬೇಕಾದ್ದನ್ನು ಕಲಿತು ಬರಬಹುದು.

ಎರಡು ಕೇಂದ್ರಗಳ ಬಗ್ಗೆ ಒಂದೇ ಪ್ರಶ್ನೆ: ಅವರಿಬ್ಬರೂ ಒಬ್ಬರೊಡನೊಬ್ಬರು ಮಾತಾಡಿದ್ದಾರೆಯೇ? ಮಾತಾಡಿಲ್ಲವಾದರೆ ಒಂದನ್ನು ಬಿಡುವುದೇ ಮೇಲು, ಯಾವುದು ತಂದೆತಾಯಿಯನ್ನು ಒಳಗೆ ಕೂರಿಸಿಕೊಂಡು ಕಲಿಸುತ್ತದೆಯೋ ಅದನ್ನು ಉಳಿಸಿಕೊಳ್ಳಲಿ. ಖರ್ಚಿನ ಭಾರ ಇಳಿಸಲು ಮಗುವಿಗೆ ಯುಡಿಐಡಿ, ಎಂದರೆ ಅಂಗವೈಕಲ್ಯದ ಗುರುತಿನ, ಕಾರ್ಡ್ ಮಾಡಿಸಿ, ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆಗೆ ಅರ್ಜಿ ಹಾಕಲಿ. ಅದರಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗಿನ ವೆಚ್ಚದೊಳಗೆ ಥೆರಪಿಗೂ ಪಾಲಿದೆ. ಇದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯಗಳಿಗೆ ಮಾತ್ರ. ರಾಣೆಬೆನ್ನೂರಿನ ಓದುಗರ ಮಗನಿಗೆ ಎಡಿಎಚ್‌ಡಿ ಒಂದೇ ಇದೆಯೆಂದು ತಿಳಿದುಬಂದರೆ ಅವರಿಗೆ ಇದು ಸಿಗುವುದಿಲ್ಲ.

ಪ್ರಶ್ನೆ: ಎಂಟು ವರ್ಷದ ಮಗಳಿಗೆ ಎಡಿಎಚ್‌ಡಿ ಇದೆಯೆಂದು ಮನೋವೈದ್ಯರು ಮೀಥೈಲ್‌ಫೆನಿಡೇಟ್ ಬರೆದಿದ್ದಾರೆ. ಮಾತ್ರೆ ಕೊಟ್ಟರೆ ನಮ್ಮ ಥೆರಪಿ ಕೆಲಸ ಮಾಡುವುದಿಲ್ಲ ಎಂದು ಥೆರಪಿ ಕೇಂದ್ರದವರು ಹೇಳುತ್ತಾರೆ.
— ಒಬ್ಬ ತಂದೆ, ಹೊಸಪೇಟೆ

ಉತ್ತರ: ಮಾತ್ರೆಯ ಬಗ್ಗೆ ತೀರ್ಪು ಕೊಡುವುದು ಥೆರಪಿ ಕೇಂದ್ರದ ಕೆಲಸವಲ್ಲ, ಅವರು ಹೇಳಿದ್ದು ಸರಿಯೂ ಅಲ್ಲ. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಮೊದಲು ತಂದೆತಾಯಿಗೆ ವರ್ತನೆಯ ತರಬೇತಿ ಕೊಟ್ಟು ನೋಡುತ್ತಾರೆ. ಆರು ದಾಟಿದ ಮೇಲೆ ಔಷಧ ಮತ್ತು ವರ್ತನೆಯ ಚಿಕಿತ್ಸೆ ಎರಡೂ ಜೊತೆಜೊತೆಯಾಗಿ ಸಾಗುವುದು ಒಪ್ಪಿತ ಕ್ರಮ. ಗಮನ ಸ್ವಲ್ಪ ನಿಂತರೆ ಥೆರಪಿಯಲ್ಲಿ ಹೇಳಿಕೊಟ್ಟದ್ದು ತಲೆಗೆ ಹೋಗುವುದು ಸುಲಭವೇ ಆಗುತ್ತದೆ. ಈ ಮಾತ್ರೆಯಿಂದ ಹಸಿವು ಕಡಿಮೆಯಾಗಬಹುದು, ನಿದ್ರೆ ತಡವಾಗಬಹುದು. ಆದ್ದರಿಂದ ಬೆಳಗಿನ ತಿಂಡಿ ತಿಂದ ಮೇಲೆಯೇ ಕೊಡಿ, ತೂಕ ಮತ್ತು ಎತ್ತರವನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತ ಬನ್ನಿ. ಹೃದಯದ ತೊಂದರೆ ಮನೆತನದಲ್ಲಿ ಯಾರಿಗಾದರೂ ಇದ್ದರೆ ಮಾತ್ರೆ ಶುರುಮಾಡುವ ಮೊದಲೇ ವೈದ್ಯರಿಗೆ ತಿಳಿಸಿ.